ಯಜಮಾನ್ರ ಕ್ಯೂಗಳ ಜೊತೆ ಊಟಿಯವರೆಗೆ

ಬೆಂಗಳೂರಿನ ಜಯನಗರದಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಮೂರು ಸ್ನೂಕರ್ ಟೇಬಲ್ಲು ಎರಡು ಪೂಲ್ ಟೇಬಲ್ಲು ಇಟ್ಟುಕೊಂಡು ಮೂವತ್ತು ವರ್ಷಕ್ಕೂ ಮೇಲೆ ಹಾಲ್ ನಡೆಸಿದವರು ನಮ್ಮ ಯಜಮಾನ್ರು. ಅಲ್ಲಿಗೆ ಬರುತ್ತಿದ್ದ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಸಂಕ್ರಾಂತಿ ಕಳೆದ ವಾರದಲ್ಲಿ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗಳು ನನ್ನನ್ನೂ, ಚೆಂಡು ಜೋಡಿಸಿ ಅಂಕ ಬರೆಯುತ್ತಿದ್ದ ಹಾಲ್‌ನ ಹಳೆಯ ಮಾರ್ಕರನ್ನೂ ಕೂರಿಸಿ ಒಂದು ಬೀಗದ ಕೈ ಕೊಟ್ಟರು. ಮೂಲೆಯಲ್ಲಿದ್ದ ಉದ್ದನೆಯ ಬೀರುವಿನದು. ನಾವೆಲ್ಲ ಅದರಲ್ಲಿ ಹಳೆಯ ಬಟ್ಟೆ, ತುಂಡು ಕುಷನ್ ಇರಬಹುದು ಅಂದುಕೊಂಡಿದ್ದೆವು. ತೆಗೆದರೆ ಸಾಲಾಗಿ ನಿಂತ ಕ್ಯೂಗಳು, ಚೆಂಡು ಹೊಡೆಯುವ ಉದ್ದನೆಯ ಮರದ ಕೋಲುಗಳು. ಓದು ಮುಗಿಸಿ, ಕೆಲಸ ಸಿಕ್ಕಿ, ಊರು ಬಿಟ್ಟು, ‘ಮುಂದಿನ ವಾರ ಬಂದು ತಗೊಂಡು ಹೋಗ್ತೀನಿ’ ಅಂತ ಹೇಳಿ ಹೋಗಿ ಮತ್ತೆ ಬಾರದ ಹುಡುಗರ ಕ್ಯೂಗಳು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯಲ್ಲಿ ಹೆಸರು, ಊರು, ಬಿಟ್ಟು ಹೋದ ವರ್ಷ. ಒಂದರ ಮೇಲೂ ಧೂಳಿರಲಿಲ್ಲ. ವರ್ಷಕ್ಕೆ ಎರಡು ಸಲ ಎಲ್ಲವನ್ನೂ ಹೊರಗೆ ತೆಗೆದು ಅಗಸೆ ಎಣ್ಣೆ ಸವರಿ, ಒರೆಸಿ, ನೆಟ್ಟಗೆ ನಿಲ್ಲಿಸುತ್ತಿದ್ದರಂತೆ. ಗೋಡೆಗೆ ಓರೆಯಾಗಿ ಒರಗಿಸಿಟ್ಟ ಕ್ಯೂ ಬಾಗುವ ಭಯವಿರುತ್ತದೆ. ಅದನ್ನು ಬಲ್ಲವರು ಮಾಡುವ ಕೆಲಸ ಅದು.

“ಮಾರಬೇಡ, ಅವರವರಿಗೆ ಮುಟ್ಟಿಸು ಅಂದಿದ್ರು ಅಪ್ಪ,” ಎಂದರು ಮಗಳು.

ಹಾಲ್ ಇದ್ದ ಕಟ್ಟಡ ಕೈ ಬದಲಾಗಿತ್ತು, ತಿಂಗಳ ಕೊನೆಗೆ ಜಾಗ ಬಿಡಬೇಕಿತ್ತು. ಎರಡು ಸ್ನೂಕರ್ ಟೇಬಲ್ ಮಾರಾಟವಾಗಿದ್ದವು. ಒಂದನೇ ನಂಬರಿನ ಟೇಬಲ್ಲನ್ನು ಮಾತ್ರ ಮೈಸೂರಿನಲ್ಲಿರುವ ಹಳೆಯ ಆಟಗಾರ್ತಿಯೊಬ್ಬರು ಕೇಳಿ ಪಡೆದಿದ್ದರು, ಸೋಮವಾರ ಅಲ್ಲಿ ಅದನ್ನು ಜೋಡಿಸುವುದಿತ್ತು. ಅದರ ಜೊತೆಗೇ ಮೈಸೂರು, ಊಟಿ ದಾರಿಯ ಕ್ಯೂಗಳನ್ನು ಕೊಟ್ಟು ಬರೋಣ ಎಂದು ಮಾರ್ಕರಣ್ಣ ನಾನು ಹೊರಟೆವು.

ಶುಕ್ರವಾರ: ಬೆಂಗಳೂರು, ಚನ್ನಪಟ್ಟಣ, ಮೈಸೂರು

ತುಂಡಿಲ್ಲದ ಕ್ಯೂ ಅಂದರೆ ಸುಮಾರು 58 ಇಂಚು. ಕಾರಿನ ಡಿಕ್ಕಿಯಲ್ಲಿ ಹಿಡಿಸುವ ಮಾತಿಲ್ಲ. ಹಳೆಯ ಕಂಬಳಿಯಲ್ಲಿ ಸುತ್ತಿ, ಹಿಂದಿನ ಗಾಜಿನಿಂದ ಮುಂದಿನ ಎರಡು ಸೀಟುಗಳ ನಡುವೆ ತೂರಿಸಿ ಮಲಗಿಸಿದೆವು. ಮಾರ್ಕರಣ್ಣ ಮದ್ದೂರು ಕಡೆಯವರು, ಅರವತ್ತೈದು ದಾಟಿದೆ. ಹಾಲ್ ಶುರುವಾದ ವರ್ಷದಿಂದ ಯಜಮಾನ್ರ ಜೊತೆ ಇದ್ದವರು. ದಾರಿಯುದ್ದಕ್ಕೂ ಅವರ ಎಡಗೈ ಆ ಕಂಬಳಿಯ ಮೇಲೇ ಇತ್ತು.

ರಾಮನಗರ ದಾಟಿ ತಿಂಡಿಗೆ ನಿಂತಾಗ ಕಟ್ಟನ್ನು ಹೆಗಲಿಗೇರಿಸಿಕೊಂಡೇ ಇಳಿದರು.

“ಇಲ್ಲೇ ಇರಲಿ ಬಿಡಿ ಅಣ್ಣ, ಹತ್ತು ನಿಮಿಷ.”

“ಬ್ಯಾಡ ಕಣಪ್ಪ. ಬಿಸಿಲಿಗೆ ನಿಂತ ಕಾರೊಳಗೆ ಕ್ಯೂ ಬಿಲ್ಲಾಗೋಯ್ತದೆ. ಇಷ್ಟು ವರ್ಷ ಅವ್ರು ಕಾಪಾಡಿದ್ದ ನಾವು ಒಂದು ದೋಸೆಗೆ ಕೆಡಿಸೋದಾ?”

ಅಲ್ಲಿಂದ ಮುಂದೆ ನಾಲ್ಕೂ ದಿನ ಹೀಗೇ ನಡೆಯಿತು. ನಾವು ಎಲ್ಲಿ ಕೂತರೂ ಕಟ್ಟಿಗೆ ಒಂದು ಕುರ್ಚಿ.

ಚನ್ನಪಟ್ಟಣದಲ್ಲಿ ಮೊದಲ ಕ್ಯೂ. ಚೀಟಿಯಲ್ಲಿ 1998 ಅಂತ ಬರೆದಿತ್ತು. ಆ ಹುಡುಗ ಈಗ ತಂದೆಯ ಕಸುಬನ್ನೇ ಮುಂದುವರಿಸಿ ಗೊಂಬೆಗಳ ಲೇತ್ ನಡೆಸುತ್ತಿದ್ದಾರೆ. ನಾವು ಹೋದಾಗ ಹಾಲೆ ಮರದ ತುಂಡೊಂದು ತಿರುಗುತ್ತಿತ್ತು, ಅದಕ್ಕೆ ಹಳದಿ ಅರಗಿನ ಕಡ್ಡಿ ಒತ್ತಿ ಹಿಡಿದಿದ್ದರು. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಒಣಗಿದ ಗರಿಯಿಂದ ಉಜ್ಜಿದರೆ ಹೊಳಪು. ಮಾರ್ಕರಣ್ಣನನ್ನು ಕಂಡದ್ದೇ ಯಂತ್ರ ನಿಲ್ಲಿಸಿ ಎದ್ದು ಬಂದರು. ಯಜಮಾನ್ರು ಹೋದ ಸುದ್ದಿ ಅವರಿಗೆ ಯಾರೂ ಮುಟ್ಟಿಸಿರಲಿಲ್ಲ. ಸ್ವಲ್ಪ ಹೊತ್ತು ಹೊಸಿಲ ಮೇಲೆ ಹಾಗೇ ಕೂತರು. ಆಮೇಲೆ ಕ್ಯೂ ತೆಗೆದುಕೊಂಡು ಬುಡವನ್ನು ಕೆನ್ನೆಗೆ ಆನಿಸಿ, ಒಂದು ಕಣ್ಣು ಮುಚ್ಚಿ, ತುದಿಯವರೆಗೆ ನೋಡಿದರು. ನಂಬಿಕೆ ಬರಲಿಲ್ಲವೇನೋ, ಒಳಗೆ ಹೋಗಿ ಗಾಜು ಹಾಸಿದ ಮೇಜಿನ ಮೇಲೆ ಮಲಗಿಸಿ ಅಂಗೈಯಿಂದ ಉರುಳಿಸಿದರು. ಬಾಗಿದ ಕ್ಯೂ ಹೀಗೆ ಉರುಳಿಸಿದಾಗ ನಡುವೆ ಎದ್ದೆದ್ದು ಬೀಳುತ್ತದೆ, ಟಕಟಕ ಸದ್ದು ಬರುತ್ತದೆ. ಇದು ಸದ್ದಿಲ್ಲದೆ ಈ ಅಂಚಿನಿಂದ ಆ ಅಂಚಿಗೆ ಹೋಯಿತು. ದಿನವಿಡೀ ಮರ ತಿರುಗಿಸುವ ಮನುಷ್ಯ ಅವರು. “ಇಪ್ಪತ್ತೈದು ವರ್ಷಕ್ಕೂ ಮೇಲಾಯ್ತಲ್ಲಣ್ಣ,” ಎಂದರು, ಅಷ್ಟೇ.

ಅವರು ಪಿಯುಸಿಯಲ್ಲಿ ಫೇಲಾಗಿ ಮನೆಗೆ ಹೇಳದೆ ಹಾಲ್‌ನಲ್ಲೇ ದಿನ ಕಳೆಯುತ್ತಿದ್ದವರು. ಯಜಮಾನ್ರು ಬೈಯಲಿಲ್ಲ, ಹೊರಗೂ ಹಾಕಲಿಲ್ಲ. ಮಧ್ಯಾಹ್ನ ಅಂಕ ಬರೆಯುವ ಕೆಲಸ ಕೊಟ್ಟರು, ಆ ದುಡ್ಡಿನಲ್ಲಿ ಪೂರಕ ಪರೀಕ್ಷೆಯ ಶುಲ್ಕ ಕಟ್ಟಿಸಿದರು. ಹಾಲ್ ಟಿಕೆಟ್ ತಂದು ತೋರಿಸುವವರೆಗೆ ಟೇಬಲ್ ಕೊಡುವುದಿಲ್ಲ ಅಂದರು, ಕೊಡಲಿಲ್ಲ. ಇಂಥ ಕಥೆ ಎಷ್ಟು ಮಂದಿಯ ಬಳಿ ಇದೆಯೋ. ತೊಂಬತ್ತರ ದಶಕದಲ್ಲಿ ಸ್ನೂಕರ್ ಹಾಲ್ ಅಂದರೆ ಕೆಟ್ಟು ಹೋಗುವ ಹುಡುಗರ ಜಾಗ ಅಂತಲೇ ಮನೆಗಳಲ್ಲಿ ಮಾತು. ಹೊಗೆ, ಜೂಜು, ಕಾಲೇಜಿಗೆ ಚಕ್ಕರ್. ಹಲವು ಕಡೆ ಅದು ನಿಜವೂ ಆಗಿತ್ತು. ಸೋತವನೇ ಟೇಬಲ್ ದುಡ್ಡು ಕೊಡಬೇಕು ಎಂಬ ಪದ್ಧತಿ ಎಲ್ಲ ಕಡೆ ಇತ್ತು, ಈಗಲೂ ಇದೆ. ಯಜಮಾನ್ರು ಅದನ್ನು ಮೊದಲ ದಿನದಿಂದ ಒಪ್ಪಲಿಲ್ಲ. ಇಬ್ಬರೂ ಆಡಿದ್ದೀರಿ, ಇಬ್ಬರೂ ಅರ್ಧರ್ಧ ಕೊಡಿ ಎನ್ನುತ್ತಿದ್ದರು. ಸೋತವನು ಕೊಡುವ ದುಡ್ಡೇ ನಾಳೆ ಪಂದ್ಯದ ದುಡ್ಡಾಗುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಗಿರಾಕಿ ಕಳೆದುಕೊಂಡರೂ ಬದಲಾಯಿಸಲಿಲ್ಲ. ನನ್ನನ್ನು ಕೇಳಿದರೆ ಅವರು ಮಾಡಿದ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ.

ಮದ್ದೂರು, ಮಂಡ್ಯ ಬೇಗ ದಾಟಿದೆವು, ಹೊಸ ರಸ್ತೆಯಲ್ಲಿ ಊರುಗಳು ಕಾಣುವುದೇ ಇಲ್ಲ. ಶ್ರೀರಂಗಪಟ್ಟಣದ ಹತ್ತಿರ ಮಾರ್ಕರಣ್ಣ, “ಇಲ್ಲಿ ಟಿಪ್ಪು ಅರಮನೆ ಮರ ಊಟಿ ಚರ್ಚಿಗೆ ಹೋಗೈತಂತೆ, ಯಜಮಾನ್ರು ಹೇಳೋರು. ನೋಡ್ಕಂಡು ಬರಾನ,” ಎಂದರು.

ಮೈಸೂರಿನ ಕುವೆಂಪುನಗರಕ್ಕೆ ತಲುಪಿದಾಗ ಮೂರು ಗಂಟೆ. ಇಲ್ಲಿ ಕ್ಯೂ ಪಡೆಯಬೇಕಾದವರು ಬ್ಯಾಂಕ್ ಅಧಿಕಾರಿ, ಟೇಬಲ್ ಕೇಳಿದವರೂ ಅವರೇ. 2003ರಲ್ಲಿ ಹಾಲ್‌ಗೆ ಬಂದಾಗ ಬಿಕಾಂ ಓದುತ್ತಿದ್ದರು. ಆ ವರ್ಷದ ಕೊನೆಗೆ ನಮ್ಮ ಬೆಂಗಳೂರಿನಲ್ಲೇ ಆಡಿ ಬೆಳೆದ ಪಂಕಜ್ ಆಡ್ವಾಣಿ ಹದಿನೆಂಟು ವರ್ಷಕ್ಕೆ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದಿದ್ದ. ಊರಿನ ಹಾಲ್‌ಗಳೆಲ್ಲ ಹುಡುಗರಿಂದ ತುಂಬಿದ್ದವು, ಹುಡುಗಿಯರು ಮಾತ್ರ ಕಾಣುತ್ತಿದ್ದದ್ದು ಅಪರೂಪ. ಈಕೆ ತಂದೆಯ ಜೊತೆ ಬಂದು ಬಾಗಿಲಲ್ಲಿ ನಿಂತರು. ಯಜಮಾನ್ರು ತಂದೆಗೆ ಒಂದು ಕುರ್ಚಿ ಹಾಕಿಸಿ, “ನೀವು ಇಲ್ಲೇ ಕೂತು ನೋಡಿ ಸ್ವಾಮಿ. ಎಷ್ಟು ದಿನ ಬೇಕಾದರೂ ಬನ್ನಿ. ನಿಮಗೆ ಸರಿ ಕಾಣದ ದಿನ ಕರ್ಕೊಂಡು ಹೋಗಿ,” ಎಂದರಂತೆ. ಆ ತಂದೆ ಎರಡು ತಿಂಗಳು ದಿನವೂ ಬಂದು ಕೂತರು. ಆಮೇಲೆ ಅವರೂ ಆಟ ಕಲಿತರು.

“ನಮ್ಮಪ್ಪ ನನಗಿಂತ ಚೆನ್ನಾಗಿ ಸೇಫ್ಟಿ ಆಡ್ತಿದ್ರು ಸಾರ್,” ಎಂದು ಆಕೆ ಹೇಳುವಾಗ (ಎದುರಾಳಿಗೆ ಸುಲಭದ ಹೊಡೆತ ಬಿಡದೆ ಆಡುವುದು ಸೇಫ್ಟಿ) ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಆ ತಂದೆ ಇದ್ದರು.

ಕೆಳಗಿನ ಮನೆ ಖಾಲಿ ಮಾಡಿಸಿ, ನಡುಗೋಡೆ ಒಡೆಸಿ ಒಂದೇ ಕೋಣೆ ಮಾಡಿಸಿದ್ದಾರೆ. ಶಾಲೆ ಮಕ್ಕಳಿಗೆ ಸಂಜೆ ಹೊತ್ತು ಕಲಿಸಬೇಕೆಂಬ ಆಸೆ. ಮಾರ್ಕರಣ್ಣ ಟೇಪ್ ಹಿಡಿದು ಅಳೆದರು. ಪೂರ್ಣ ಅಳತೆಯ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಅದರ ಸುತ್ತ ಕ್ಯೂ ಎಳೆಯಲು ಜಾಗ ಬೇಕು, ಅಂದರೆ ಕೋಣೆ ಕಡಿಮೆ ಎಂದರೂ 22 ಅಡಿಗೆ 16. ಉದ್ದಕ್ಕೆ ತೊಂದರೆಯಿಲ್ಲ, ಅಗಲಕ್ಕೆ ಕಿಟಕಿಯ ಕೆಳಗಿನ ಕಡಪ ಕಲ್ಲಿನ ಕಟ್ಟೆ ಅಡ್ಡ ಬರುತ್ತಿತ್ತು. “ಅದನ್ನ ಒಡೆಸಮ್ಮ. ಇಲ್ದಿದ್ರೆ ಮಧ್ಯದ ಪಾಕೆಟ್ ಹತ್ರ ನಿಂತ ಮಗು ಗೋಡೆಗೆ ಮೊಣಕೈ ಹೊಡ್ಕೊಳ್ತದೆ.” ಭಾನುವಾರದೊಳಗೆ ಒಡೆಸುವುದು ಎಂದಾಯಿತು.

ಶನಿವಾರ: ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಊಟಿ

ನಂಜನಗೂಡು, ಗುಂಡ್ಲುಪೇಟೆ. ಗುಂಡ್ಲುಪೇಟೆಯಲ್ಲಿ ಕೊಡಬೇಕಿದ್ದ ಕ್ಯೂವನ್ನು ಆತನ ತಮ್ಮ ಬಸ್ ನಿಲ್ದಾಣಕ್ಕೇ ಬಂದು ತೆಗೆದುಕೊಂಡರು, ಅಣ್ಣ ವಿದೇಶದಲ್ಲಿದ್ದಾರೆ. ವಿಡಿಯೋ ಕರೆಯಲ್ಲಿ ಅಣ್ಣನ ಮುಖ ಬಂತು, ಮಾರ್ಕರಣ್ಣನನ್ನು ನೋಡಿ ಮಾತೇ ಹೊರಡಲಿಲ್ಲ. ಐದು ನಿಮಿಷದ ಕೆಲಸ, ಮತ್ತೆ ಹೊರಟೆವು.

ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಗಳಿಗೆ ಮುಚ್ಚಿರುತ್ತದೆ, ಹಗಲಲ್ಲೇ ದಾಟಬೇಕು. ಫೆಬ್ರವರಿಯ ಕಾಡು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ರಸ್ತೆ ಪಕ್ಕದಲ್ಲಿ ಬೆಂಕಿ ರೇಖೆಗಾಗಿ ಹುಲ್ಲು ಸುಟ್ಟಿದ್ದರು. ಜಿಂಕೆಗಳು ಅದರ ಕರಿ ಮಸಿಯಲ್ಲೇ ಚಿಗುರು ಹುಡುಕುತ್ತಿದ್ದವು. ಗಡಿಯ ಕೆಕ್ಕನಹಳ್ಳ ಚೆಕ್‌ಪೋಸ್ಟ್‌ನಲ್ಲಿ ನೀಲಗಿರಿಯ ಇ-ಪಾಸ್ ತೋರಿಸಿದೆವು. ಕಂಬಳಿ ಸುತ್ತಿದ ಉದ್ದನೆಯ ಕಟ್ಟು ನೋಡಿ ಸಿಬ್ಬಂದಿ ಸಹಜವಾಗಿಯೇ ಬಿಚ್ಚಲು ಹೇಳಿದರು. ಕಾಡಿನ ದಾರಿ, ಕೇಳುವುದು ಅವರ ಧರ್ಮ. ಮಾರ್ಕರಣ್ಣ ಬಿಚ್ಚಿ, ಒಂದೊಂದರ ಚೀಟಿ ಓದಿ, ಇದು ಯಾರದು, ಯಾಕೆ ಒಯ್ಯುತ್ತಿದ್ದೇವೆ ಎಂದು ಕನ್ನಡದಲ್ಲೇ ವಿವರಿಸಿದರು. ಆ ಕಡೆಯ ಯುವಕನಿಗೆ ಕನ್ನಡ ಬರುತ್ತಿತ್ತು. ತಾನೇ ಮತ್ತೆ ಕಂಬಳಿ ಸುತ್ತಿ, ದಾರ ಬಿಗಿದು ಕೊಟ್ಟ.

ತೆಪ್ಪಕಾಡಿನಿಂದ ಗೂಡಲೂರಿನ ದಾರಿ ಹಿಡಿದೆವು. ಏರು ಶುರುವಾದ ಮೇಲೆ ಮಾರ್ಕರಣ್ಣ, ಯಜಮಾನ್ರು ಮಳೆಗಾಲದ ಸಂಜೆಗಳಲ್ಲಿ ಹೊಸ ಹುಡುಗರಿಗೆ ಹೇಳುತ್ತಿದ್ದ ಊಟಿಯ ಕಥೆ ತೆಗೆದರು. ನಾನೂ ಕೇಳಿ ಕೇಳಿ ಬೆಳೆದ ಕಥೆ.

1875ರ ಮಳೆಗಾಲ. ಜಬಲ್‌ಪುರದ ಸೇನಾ ಮೆಸ್ಸು. ಹೊರಗೆ ಬಿಡದ ಮಳೆ, ಒಳಗೆ ಬಿಲಿಯರ್ಡ್ಸ್ ಟೇಬಲ್ಲು. ಡೆವನ್‌ಶೈರ್ ರೆಜಿಮೆಂಟಿನ ಹತ್ತೊಂಬತ್ತು ವರ್ಷದ ಅಧಿಕಾರಿ ನೆವಿಲ್ ಚೇಂಬರ್ಲಿನ್ (ಮುಂದೆ ಬ್ರಿಟನ್ನಿನ ಪ್ರಧಾನಿಯಾದವರು ಬೇರೆ, ಹೆಸರು ಮಾತ್ರ ಒಂದೇ) ಆಗ ಚಾಲ್ತಿಯಲ್ಲಿದ್ದ ಬ್ಲ್ಯಾಕ್ ಪೂಲ್ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿದ, ಸ್ನೂಕರ್ ಹುಟ್ಟಿದ್ದು ಹಾಗೆ. ಹದಿನೈದು ಕೆಂಪು ಚೆಂಡು ಇನ್ನೊಂದು ಆಟದಿಂದ ಬಂದವು. ನೀಲಿ, ಕಂದು ಚೆಂಡುಗಳು ಬಂದದ್ದು ಆಮೇಲೆ. ಮುಂದೆ ಆತ ಅಫ್ಘನ್ ಯುದ್ಧದಲ್ಲಿ ಗಾಯಗೊಂಡು, ಮದ್ರಾಸ್ ಸೇನೆಯ ದಂಡನಾಯಕ ಫ್ರೆಡರಿಕ್ ರಾಬರ್ಟ್ಸ್ ಜೊತೆ ಬೇಸಿಗೆಗಳಲ್ಲಿ ಊಟಿಗೆ ಬರತೊಡಗಿದ. 1882ರಲ್ಲಿ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯ ಗೋಡೆಗೆ ಸ್ನೂಕರಿನ ನಿಯಮಗಳನ್ನು ಬರೆದು ತೂಗುಹಾಕಿದರು. 1885ರಲ್ಲಿ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್ ಕಲ್ಕತ್ತಾದಲ್ಲಿ ಚೇಂಬರ್ಲಿನ್‌ನನ್ನು ಕಂಡು, ಕೇಳಿ ತಿಳಿದುಕೊಂಡು ಆಟವನ್ನು ಇಂಗ್ಲೆಂಡಿಗೆ ಒಯ್ದ. ಆಟ ತನ್ನದು ಎಂದು ಚೇಂಬರ್ಲಿನ್ ಪತ್ರಿಕೆಗೆ ಬರೆದದ್ದು 1938ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ.

ಯಜಮಾನ್ರು ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಹಾಲ್‌ನ ಗೋಡೆಯಲ್ಲಿ ಮೂರು ಫೋಟೋ ಇದ್ದವು, ಕೈ ತೋರಿಸಿ ಹೇಳುತ್ತಿದ್ದರು. ಮೊದಲನೆಯದು ವಿಲ್ಸನ್ ಜೋನ್ಸ್. 1958ರಲ್ಲಿ ಕಲ್ಕತ್ತಾದಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಗೆದ್ದರು, ಭಾರತೀಯನೊಬ್ಬ ಯಾವುದೇ ಆಟದಲ್ಲಿ ಗೆದ್ದ ಮೊದಲ ವೈಯಕ್ತಿಕ ವಿಶ್ವ ಪ್ರಶಸ್ತಿ ಅದು. ಎರಡನೆಯದು ಓಂ ಅಗರವಾಲ್, 1984ರ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್. ಮೂರನೆಯದು ಆಡ್ವಾಣಿ. 2012ರಲ್ಲಿ ಆರ್. ಉಮಾದೇವಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದಾಗ ನಾಲ್ಕನೆಯ ಮೊಳೆ ಹೊಡೆದರು. ಸರ್ಕಾರಿ ಕೆಲಸ ಮಾಡಿಕೊಂಡೇ ಆಡಿ ಗೆದ್ದ ಬೆಂಗಳೂರಿನ ಹೆಣ್ಣುಮಗಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಇಷ್ಟೆಲ್ಲ ಹೇಳುತ್ತಿದ್ದ ಮನುಷ್ಯ ಒಮ್ಮೆಯೂ ಊಟಿಗೆ ಹೋದವರಲ್ಲ. ಹಾಲ್ ಮುಚ್ಚಬೇಕಾಗುತ್ತದಲ್ಲ ಎಂಬುದೇ ಕಾರಣ. “ರಜಾ ದಿನ ಹುಡುಗ್ರು ಎಲ್ಲಿಗೋಗ್ತವೆ?” ಎನ್ನುತ್ತಿದ್ದರಂತೆ. ಪೈಕಾರಾ ದಾಟುವಾಗ ಮಾರ್ಕರಣ್ಣ ಇದನ್ನು ಹೇಳಿ ಕಿಟಕಿ ಗಾಜು ಏರಿಸಿದರು, ಚಳಿ ಶುರುವಾಗಿತ್ತು. ಊಟಿ ತಲುಪಿದಾಗ ಕತ್ತಲು. ಲಾಡ್ಜಿನ ಕೋಣೆಯಲ್ಲಿ ಕ್ಯೂಗಳನ್ನು ಬಟ್ಟೆಯ ಬೀರುವಿನೊಳಗೆ ನೆಟ್ಟಗೆ ನಿಲ್ಲಿಸಿಯೇ ಅವರು ಮಲಗಿದ್ದು. ತೇವಕ್ಕೂ ಮರ ಕೆಡುತ್ತದೆ.

ಭಾನುವಾರ: ಊಟಿ

ಬೆಳಿಗ್ಗೆ ಮೊದಲು ಸೇಂಟ್ ಸ್ಟೀಫನ್ಸ್ ಚರ್ಚ್. 1830ರಲ್ಲಿ ಪ್ರತಿಷ್ಠೆಯಾದದ್ದು. ಚಾವಣಿಯ ತೊಲೆಗಳು ಶ್ರೀರಂಗಪಟ್ಟಣದ ಲಾಲ್ ಮಹಲ್ ಅರಮನೆಯಿಂದ ತಂದವು. ಆ ಕಾಲದಲ್ಲಿ ಈ ಬೆಟ್ಟಕ್ಕೆ ಅಂಥ ಮರ ಸಾಗಿಸಿದ್ದು ಹೇಗೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಪ್ರಾರ್ಥನೆ ಮುಗಿದು ಜನ ಹೊರಬಂದ ಮೇಲೆ ನಾವು ಒಳಗೆ ಹೋದೆವು. ಮಾರ್ಕರಣ್ಣ ಬಹಳ ಹೊತ್ತು ತಲೆ ಎತ್ತಿ ಆ ತೊಲೆಗಳನ್ನೇ ನೋಡಿದರು. ಅವರಿಗೆ ಎಲ್ಲಿ ಹೋದರೂ ಮೊದಲು ಕಾಣುವುದು ಮರ, ಅದರ ಎಳೆ, ಅದರ ಬಾಗು. ಮೂವತ್ತು ವರ್ಷ ಅವರು ನೋಡಿದ್ದೇ ಅದನ್ನು.

ಅಲ್ಲಿಂದ ಊಟಿ ಕ್ಲಬ್ಬಿನ ಗೇಟು. ಕಂಬಗಳ ಸಾಲಿನ ಬಿಳಿ ಕಟ್ಟಡ. 1830ರ ದಶಕದ ಆರಂಭದಲ್ಲಿ ಸರ್ ವಿಲಿಯಂ ರಂಬೋಲ್ಡ್ ಕಟ್ಟಿಸಿದ್ದು, 1841ರಲ್ಲಿ ಕ್ಲಬ್ ಆಯಿತು. ಸದಸ್ಯರು ಮತ್ತು ಅವರ ಅತಿಥಿಗಳಿಗೆ ಮಾತ್ರ ಪ್ರವೇಶ. ನಮಗೆ ಪರಿಚಯದ ಸದಸ್ಯರಿರಲಿಲ್ಲ, ಒಳಗೆ ಹೋಗಲಾಗುವುದಿಲ್ಲವೆಂದು ಗೊತ್ತಿದ್ದೇ ಬಂದಿದ್ದೆವು. ಕಾವಲಿನವರು ಸೌಜನ್ಯದಿಂದ ಮಾತಾಡಿಸಿದರು. ದೂರದಿಂದ ಕಟ್ಟಡ ನೋಡಿದೆವು. ಯಜಮಾನ್ರ ಪರವಾಗಿ ಇಲ್ಲಿಗೆ ಬಂದು ನಿಂತದ್ದೇ ನನಗೆ ಸಾಕೆನಿಸಿತು.

ಆದರೆ ಅಲ್ಲಿ ನಿಂತಾಗ ಒಂದು ವಿಷಯ ನನಗೆ ಸ್ಪಷ್ಟವಾಯಿತು, ಅದನ್ನು ಬರೆಯಲೆಂದೇ ಈ ಕಥನಕ್ಕೆ ಕೂತಿದ್ದೇನೆ. ಈ ಆಟದ ಚರಿತ್ರೆ ಬರೆಯುವವರು ಹುಟ್ಟಿಸಿದವನ ಹೆಸರು ಬರೆಯುತ್ತಾರೆ, ಗೆದ್ದವರ ಹೆಸರು ಬರೆಯುತ್ತಾರೆ. ಅವೆರಡರ ನಡುವೆ ನಮ್ಮ ದೇಶದಲ್ಲಿ ಒಂದು ದೊಡ್ಡ ಕೆಲಸ ನಡೆದಿದೆ. ಅಧಿಕಾರಿಗಳ ಮೆಸ್ಸು, ಕ್ಲಬ್ಬು, ಅರಮನೆಗಳೊಳಗೆ ಇದ್ದ ಆಟವನ್ನು ಅಂಗಡಿಯ ಮೇಲಿನ ಮಹಡಿಗೆ ತಂದು, ಮೆಟ್ಟಿಲು ಹತ್ತಿ ಬಂದ ಯಾವ ಹುಡುಗನಿಗಾದರೂ ಕ್ಯೂ ಕೊಟ್ಟವರಿದ್ದಾರೆ. ಸಾಲ ಮಾಡಿ ಟೇಬಲ್ ತರಿಸಿದವರು. ಒಂದು ಟೇಬಲ್ಲೇ ಟನ್ನಿಗೂ ಹೆಚ್ಚು ಭಾರ, ಅದನ್ನು ಮಹಡಿಗೆ ಏರಿಸಲು ಮನೆ ಮಾಲೀಕರನ್ನು ಒಪ್ಪಿಸಿದವರು. ಬಟ್ಟೆ ಹರಿದರೆ ಹೊಸ ಬಟ್ಟೆ, ಕರೆಂಟು ಹೋದರೆ ಜನರೇಟರ್, ಪೊಲೀಸರು ಬಂದರೆ ಲೈಸೆನ್ಸು, ಅಪ್ಪಂದಿರು ಬಂದರೆ ಉತ್ತರ, ಎಲ್ಲವೂ ಅವರ ತಲೆಯ ಮೇಲೆ. ಅವರಿಗೆ ಕಪ್ಪಿಲ್ಲ, ಪದಕವಿಲ್ಲ. ಆ ಕಾಲದ ಕ್ಲಬ್ಬುಗಳಲ್ಲೂ ಚೆಂಡು ಜೋಡಿಸಿ ಅಂಕ ಬರೆಯಲು ನಮ್ಮವರೇ ಮಾರ್ಕರ್‌ಗಳಾಗಿರುತ್ತಿದ್ದರು, ಅವರ ಹೆಸರೂ ಉಳಿದಿಲ್ಲ. ಚೇಂಬರ್ಲಿನ್ ನಿಯಮ ಬರೆದದ್ದು ನಿಜ. ಆ ನಿಯಮ ಜಯನಗರದ ಹದಿನಾರು ವರ್ಷದ ಹುಡುಗನಿಗೆ ಮುಟ್ಟಿದ್ದು ನಮ್ಮ ಯಜಮಾನ್ರಂಥವರಿಂದ.

ನಿಯಮ ಎಂದಾಗ ಅವರು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುತ್ತಿದ್ದದ್ದು ಒಂದನ್ನೇ. ತೋಳು ಚೆಂಡಿಗೆ ತಾಗಿದರೆ, ಕ್ಯೂ ತುದಿಯ ತೊಗಲಿನ ಟಿಪ್ ಎರಡು ಸಲ ಸೋಕಿದರೆ, ಬೇರೆ ಯಾರೂ ನೋಡದಿದ್ದರೂ, ನೀನೇ ‘ಫೌಲ್’ ಎಂದು ಹೇಳಿ ಹಿಂದೆ ಸರಿ. ಹೇಳದವನನ್ನು ಅವರು ಬೈಯುತ್ತಿರಲಿಲ್ಲ. ಆ ಫ್ರೇಮ್ ಮುಗಿದ ಮೇಲೆ ಪಕ್ಕಕ್ಕೆ ಕರೆದು, “ನಾನು ನೋಡಿದೆ ಕಣೋ,” ಎನ್ನುತ್ತಿದ್ದರು. ಮುಂದಿನ ಸಲ ಆ ಹುಡುಗ ಹೇಳುತ್ತಿದ್ದ.

ಮಧ್ಯಾಹ್ನ ಕ್ಯೂ ಕೊಡಲು ಊಟಿಯ ಹೊರಗಿನ ಒಂದು ಹಟ್ಟಿಗೆ ಹೋದೆವು. ಕ್ಯೂನ ಒಡೆಯ ಬಡಗ ಸಮುದಾಯದವರು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಈಗ ಮನೆಯ ಸಣ್ಣ ಚಹಾ ತೋಟ ನೋಡಿಕೊಳ್ಳುತ್ತಿದ್ದಾರೆ. ಅವರ ತಾಯಿ ಬಡಗ ಭಾಷೆಯಲ್ಲಿ ಮಾತಾಡುತ್ತಾ ಹೋದರು, ಮಾರ್ಕರಣ್ಣ ಮದ್ದೂರು ಕನ್ನಡದಲ್ಲಿ. ಇಬ್ಬರಿಗೂ ಮುಕ್ಕಾಲು ಭಾಗ ಅರ್ಥವಾಗುತ್ತಿತ್ತು, ನಡುವೆ ನಾವು ಬಾಯಿ ಹಾಕುವ ಅಗತ್ಯವೇ ಬೀಳಲಿಲ್ಲ. ಮಗ ಹಾಸ್ಟೆಲಿನಲ್ಲಿ ಕಾಮಾಲೆ ಬಿದ್ದು ಮಲಗಿದ್ದಾಗ ಹದಿನೈದು ದಿನ ಗಂಜಿ ತಂದು ಕೊಟ್ಟ “ಟೇಬಲ್ ಆಟದ ಅಯ್ಯ” ಇವರ ಕಡೆಯವರೇ ಎಂದು ಆ ತಾಯಿಗೆ ತಿಳಿದದ್ದು ಆಗ. ಎದ್ದು ಒಳಗೆ ಹೋಗಿ ದೀಪ ಹಚ್ಚಿ ಬಂದರು. ಗಂಜಿಯ ವಿಷಯ ನನಗೂ ಹೊಸದು. ಮಾರ್ಕರಣ್ಣನಿಗೆ ಗೊತ್ತಿತ್ತು, ದಿನವೂ ಪಾತ್ರೆ ಹೊತ್ತು ಹೋಗುತ್ತಿದ್ದವರು ಅವರೇ.

ಆ ಕ್ಯೂನ ಟಿಪ್ ಹೋಗಿತ್ತು. ಮಾರ್ಕರಣ್ಣ ಚೀಲದಿಂದ ಡಬ್ಬಿ ತೆಗೆದು ವರಾಂಡದಲ್ಲಿ ಕೂತರು. ಹಳೆಯ ತೊಗಲನ್ನು ಬ್ಲೇಡಿನಿಂದ ಕೆತ್ತಿದರು, ಹಿತ್ತಾಳೆಯ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡಿದರು. ಹೊಸ ಟಿಪ್ಪಿನ ತಳವನ್ನೂ ಕಾಗದದ ಮೇಲೆ ಉಜ್ಜಿ ಒರಟು ಮಾಡಿಕೊಂಡು, ಒಂದೇ ಹನಿ ಅಂಟು ಹಾಕಿ, ಒತ್ತಿ, ಎಣಿಸುತ್ತಾ ಹಿಡಿದರು. ಅಂಟು ಕಚ್ಚಿದ ಮೇಲೆ ಕ್ಯೂವನ್ನು ತಲೆಕೆಳಗಾಗಿ ಮರದ ಹಲಗೆಗೆ ಆನಿಸಿ ಹೊರಚಾಚಿದ ತೊಗಲನ್ನು ಸುತ್ತಲೂ ಕತ್ತರಿಸಿದರು. ಕೊನೆಗೆ ಅಂಚಿಗೆ ಒಂದಿಷ್ಟು ಎಂಜಲು ಸವರಿ, ಒರಟು ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿದಾಗ ತೊಗಲು ಗಟ್ಟಿಯಾಗಿ ಹಿತ್ತಾಳೆಯ ಜೊತೆ ಒಂದಾಯಿತು. ಬೆರಳಾಡಿಸಿದರೆ ಎಲ್ಲಿ ಲೋಹ ಮುಗಿದು ತೊಗಲು ಶುರುವಾಗುತ್ತದೆ ಗೊತ್ತಾಗುತ್ತಿರಲಿಲ್ಲ. ಇದನ್ನು ಕಲಿಸಿದವರು ಯಜಮಾನ್ರು. ತಾವೂ ನೂರಾರು ಹುಡುಗರ ಕ್ಯೂಗೆ ಹೀಗೆ ಕೂತು ಟಿಪ್ ಹಾಕಿಕೊಟ್ಟವರು, ಅದಕ್ಕೆ ಎಂದೂ ಕೂಲಿ ತೆಗೆದುಕೊಂಡವರಲ್ಲ.

ಸೋಮವಾರ: ಮತ್ತೆ ಮೈಸೂರು

ಬೆಳಗಿನ ಜಾವವೇ ಹೊರಟು ಮಧ್ಯಾಹ್ನಕ್ಕೆ ಕುವೆಂಪುನಗರ ತಲುಪಿದೆವು. ಕಿಟಕಿಯ ಕಟ್ಟೆ ಒಡೆದಿತ್ತು. ಬೆಂಗಳೂರಿನಿಂದ ಲಾರಿ ಬಂದಿತ್ತು. ಐದು ತುಂಡು ಸ್ಲೇಟು ಕಲ್ಲು, ಎಂಟು ಕಾಲು, ಮರದ ಚೌಕಟ್ಟು, ಕುಷನ್‌ಗಳು, ಎಲ್ಲದರ ಮೇಲೂ ಮಾರ್ಕರಣ್ಣ ಬಿಚ್ಚುವಾಗ ಬಳಪದಲ್ಲಿ ಬರೆದ ಅಂಕಿಗಳು. ಜೋಡಿಸುವವರು ಬೆಳಿಗ್ಗೆಯೇ ಚೌಕಟ್ಟು ನಿಲ್ಲಿಸಿದ್ದರು. ಒಂದೊಂದು ಕಲ್ಲನ್ನೂ ನಾಲ್ಕು ಜನ ಹೊತ್ತು ಇಳಿಸಿದರು. ಸಂದುಗಳಿಗೆ ಪುಟ್ಟಿ ತುಂಬಿ ಕೆರೆದ ಮೇಲೆ ಮಟ್ಟ ನೋಡುವ ಕೆಲಸ, ಅದೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ರಸಮಟ್ಟದ ಗುಳ್ಳೆ ನಡುವೆ ನಿಂತರೂ ಮಾರ್ಕರಣ್ಣ ಒಪ್ಪಲಿಲ್ಲ. ಬರಿಗಲ್ಲಿನ ಮೇಲೆ ಬಿಳಿ ಚೆಂಡನ್ನು ಬಹಳ ನಿಧಾನಕ್ಕೆ ಉರುಳಿಸಿ ಕೊನೆಯ ಒಂದಡಿಯಲ್ಲಿ ಅದು ಎತ್ತ ವಾಲುತ್ತದೆ ನೋಡುವುದು ಅವರ ಪರೀಕ್ಷೆ. ಬಲಗಡೆ ಹಿಂಭಾಗದ ಕಾಲಿನ ಕಡೆ ಸ್ವಲ್ಪ ವಾಲಿತು. ತೆಳ್ಳನೆ ಹಲಗೆ ಚೂರು ತೂರಿಸಿ ಮತ್ತೆ ಉರುಳಿಸಿದರು. ಮತ್ತೆ. ಸಂಜೆ ಐದಕ್ಕೆ ಹ್ಞೂಂ ಅಂದರು.

ಬಟ್ಟೆ ಹಾಸುವಾಗ ಆಕೆ ಕೇಳಿದರು, “ಅಣ್ಣ, ಕಪ್ಪು ಚೆಂಡಿನ ಕಡೆ ಕಿಟಕಿಗೆ ಬರಲಾ, ಬಾಗಿಲಿಗಾ?” ಉಣ್ಣೆ ಬಟ್ಟೆಯ ನವಿರಿಗೆ ಒಂದು ದಿಕ್ಕಿದೆ, ಬಾಲ್ಕ್, ಅಂದರೆ ಆಟ ಶುರು ಮಾಡುವ ಕಡೆಯಿಂದ ಕಪ್ಪು ಚೆಂಡಿನ ಕಡೆಗೆ. ಬ್ರಷ್ಷು, ಇಸ್ತ್ರಿ ಎರಡೂ ಅದೇ ದಿಕ್ಕಿಗೆ ಹೋಗಬೇಕು, ಹಿಂದಕ್ಕೆ ಎಳೆಯಬಾರದು. ಒಮ್ಮೆ ಹಾಸಿದ ಮೇಲೆ ತಿರುಗಿಸುವ ಹಾಗಿಲ್ಲ. ಮಾರ್ಕರಣ್ಣ ಬಾಲ್ಕನ್ನು ಬಾಗಿಲ ಕಡೆಗೆ ಇಡಿಸಿದರು. ಹಾಲ್‌ನಲ್ಲೂ ಹಾಗೇ ಇತ್ತು, ಬಂದವರು ಯಾರೆಂದು ಅಂಕ ಬರೆಯುತ್ತಾ ಕೂತವರಿಗೆ ಕಾಣಬೇಕಲ್ಲ. ಟೇಬಲ್ ದುಡ್ಡು ಅರ್ಧರ್ಧ ಎಂಬ ಫಲಕವನ್ನು ಆಕೆ ಆಗಲೇ ಬರೆಸಿಟ್ಟಿದ್ದರು. ಮಕ್ಕಳಿಗೆ ದುಡ್ಡೇ ಇಲ್ಲ, ದೊಡ್ಡವರಿಗೆ ಮಾತ್ರ.

ಮಾರ್ಕರಣ್ಣ ಈಗ ಅಲ್ಲೇ ಉಳಿದಿದ್ದಾರೆ. ಒಂದು ತಿಂಗಳಾದರೂ ಇದ್ದು, ಬಟ್ಟೆ ಕೂರುವವರೆಗೆ ಇಸ್ತ್ರಿ ಮಾಡಿ, ಇಬ್ಬರು ಹುಡುಗರಿಗೆ ಆ ಕೆಲಸ ಕಲಿಸಿ ಬರುತ್ತಾರಂತೆ. ಉಳಿದ ಕ್ಯೂಗಳೂ ಅಲ್ಲೇ, ಹೊಸ ಬೀರುವಿನಲ್ಲಿ ನಿಂತಿವೆ. ಹಾಸನ, ಶಿವಮೊಗ್ಗ, ಹುಬ್ಬಳ್ಳಿಯವುಗಳ ವಿಳಾಸ ಸಿಕ್ಕಿದೆ, ಬೇಸಿಗೆ ಮುಗಿದ ಮೇಲೆ ಕೊಂಡೊಯ್ಯುತ್ತೇವೆ. ಬಿಸಿಲಲ್ಲಿ ಬೇಡ ಎಂದು ಅಪ್ಪಣೆಯಾಗಿದೆ.

ಒಂದಕ್ಕೆ ಮಾತ್ರ ವಿಳಾಸವಿಲ್ಲ. ಆಶ್ ಮರದ ಕ್ಯೂ, ಎಬೊನಿಯ ಬುಡ, ಬುಡದ ತುದಿಗೆ ನೀಲಿ ಇನ್ಸುಲೇಷನ್ ಟೇಪ್ ಸುತ್ತಿದೆ. ಚೀಟಿಯಲ್ಲಿ ಯಜಮಾನ್ರ ಅಕ್ಷರದಲ್ಲಿ ‘ಬುಧವಾರ, ಸಂಜೆ 4ರ ಹುಡುಗ, 2009’ ಎಂದಷ್ಟೇ ಇದೆ. ಆ ಹುಡುಗ ನೀವಾಗಿದ್ದರೆ, ಅಥವಾ ಬುಧವಾರ ನಾಲ್ಕಕ್ಕೆ ಜಯನಗರದ ಆ ಮೆಟ್ಟಿಲು ಹತ್ತುತ್ತಿದ್ದ ಯಾರಾದರೂ ನಿಮಗೆ ಗೊತ್ತಿದ್ದರೆ, ದಯವಿಟ್ಟು ತಿಳಿಸಿ. ಕ್ಯೂ ನೆಟ್ಟಗಿದೆ. ಟಿಪ್ ಬದಲಾಯಿಸಬೇಕು, ನೀವು ಬಂದ ದಿನವೇ ಹಾಕಿಕೊಡುತ್ತೇನೆ ಎಂದು ಮಾರ್ಕರಣ್ಣ ಹೇಳಿದ್ದಾರೆ.